ಶಿವಮಲ್ಲು ತಂದ ಕ್ಯಾಲ್ಸಿಯಂ

ಗುಂಡ್ಲುಪೇಟೆ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ‘ಊಟಿಗೆ ಹೋಗುವ ಬಸ್ಸು ಎರಡನೇ ಅಂಕಣಕ್ಕೆ ಬಂದಿದೆ’ ಎಂದು ಸಾರುವ ಕಂಟ್ರೋಲರ್ ಶಿವಮಲ್ಲುವಿಗೆ, ತಾನು ಕೋಳಿ ತಜ್ಞನೂ ಹೌದು ಎಂಬುದು ಐವತ್ತೆರಡನೇ ವಯಸ್ಸಿನಲ್ಲಿ ಹೊಳೆಯಿತು. ಹಂಗಳದ ಮನೆಯ ಹಿತ್ತಲಿಗೆ ಹನ್ನೆರಡು ಮೊಟ್ಟೆ ಕೋಳಿ ತಂದು, ಮೊಬೈಲಿನಲ್ಲಿ ಏಳು ವಿಡಿಯೊ ನೋಡಿ ಮುಗಿಸಿದ ದಿನವೇ ಅವನ ವಿದ್ಯಾಭ್ಯಾಸ ಪೂರ್ಣಗೊಂಡಿತು. ಎಂಟನೆಯ ವಿಡಿಯೊ ನೋಡುವ ಅಗತ್ಯ ಅವನಿಗೆ ಕಾಣಲಿಲ್ಲ.

ಅಲ್ಲಿಂದಾಚೆಗೆ ಬಸ್ ನಿಲ್ದಾಣದಲ್ಲಿ ಟೀ ಕುಡಿಯುವ ಡ್ರೈವರು, ಕಂಡಕ್ಟರುಗಳಿಗೆಲ್ಲ ಕೋಳಿ ಪಾಠ ಕಡ್ಡಾಯವಾಯಿತು. ಹೋದ ತಿಂಗಳು ಪಶು ಆಸ್ಪತ್ರೆಯ ಕಾಂಪೌಂಡರೇ ಬಸ್ಸಿಗೆ ಕಾಯುತ್ತ ಸಿಕ್ಕಿಬಿದ್ದರು. ಕೋಳಿಯ ಜೀರ್ಣಾಂಗದ ಬಗ್ಗೆ ಅವರಿಗೆ ನಲವತ್ತು ನಿಮಿಷ ತಿಳಿವಳಿಕೆ ನೀಡಲಾಯಿತು. ಅವರು ಹತ್ತಬೇಕಾದ ಬಸ್ಸು ಹೋಯಿತು. ಅದರ ಹಿಂದೆ ಬಂದ ಬಸ್ಸೂ ಹೋಯಿತು.

ಕೋಳಿಗಳಿಗೆ ಶಿವಮಲ್ಲು ಒದಗಿಸಿದ ಸವಲತ್ತು ಸಾಮಾನ್ಯದ್ದಲ್ಲ. ತಗಡಿನ ಚಾವಣಿ, ನಾಲ್ಕೂ ಕಡೆ ಗೋಡೆ, ಸಿಮೆಂಟಿನ ನೆಲ, ಹೊರಗಿನಿಂದ ಚಿಲಕ. ಬೀದಿ ನಾಯಿಯಿರಲಿ, ಬಿಸಿಲು ಕೂಡ ಒಳಗೆ ಹೋಗಲು ಅವನ ಅನುಮತಿ ಬೇಕಿತ್ತು. ಬೆಳಿಗ್ಗೆ ನುಚ್ಚಕ್ಕಿ. ಸಂಜೆಗೆ ನಿಲ್ದಾಣದ ಬೇಕರಿಯಲ್ಲಿ ಮಿಕ್ಕ ಬನ್ನು.

ಹೀಗೆ ರಾಜಭೋಗದಲ್ಲಿದ್ದ ಕೋಳಿಗಳ ಗೂಡಿಗೆ ಒಂದು ಸೋಮವಾರ ಬೆಳಿಗ್ಗೆ ಕೈ ಹಾಕಿದಾಗ ಶಿವಮಲ್ಲುವಿನ ಕೈಗೆ ಸಿಕ್ಕಿದ್ದು ನೀರು ತುಂಬಿದ ಬಲೂನಿನಂಥ ವಸ್ತು. ಆಕಾರ ಮೊಟ್ಟೆಯದೇ. ಬೆರಳಿಟ್ಟರೆ ತಗ್ಗಾಗುತ್ತಿತ್ತು, ಬೆರಳು ತೆಗೆದರೆ ಮತ್ತೆ ಉಬ್ಬುತ್ತಿತ್ತು. ಒಂದು ವಾರದೊಳಗೆ ಅಂಥದ್ದು ಅದು ನಾಲ್ಕನೆಯದು. ಚಿಪ್ಪಿದ್ದ ಮೊಟ್ಟೆಗಳೂ ಹಪ್ಪಳದ ಹಾಗೆ ಮುಟ್ಟಿದರೆ ಪುಡಿಯಾಗುತ್ತಿದ್ದವು.

“ಪಶು ಆಸ್ಪತ್ರೆಗೆ ಓಗಿ ಒಂದ್ ಮಾತು ಕೇಳ್ಬಾರ್ದಾ?” ಎಂದಳು ಹೆಂಡತಿ ಮಲ್ಲಮ್ಮ.

ಪಶು ಆಸ್ಪತ್ರೆ ಎಂದರೆ ಅದೇ ಕಾಂಪೌಂಡರು. ಶಿವಮಲ್ಲು ಆ ಮಾತು ಕೇಳಿಸದವನಂತೆ ಸಮವಸ್ತ್ರದ ಗುಂಡಿ ಹಾಕಿಕೊಂಡ. ಚಿಪ್ಪು ಗಟ್ಟಿಯಾಗಲು ಕ್ಯಾಲ್ಸಿಯಂ ಬೇಕೆಂದು ಯಾವುದೋ ವಿಡಿಯೊದಲ್ಲಿ ಹೇಳಿದ್ದು ಅವನಿಗೆ ನೆನಪಿತ್ತು. ಕ್ಯಾಲ್ಸಿಯಂ ಮನುಷ್ಯರ ಔಷಧಿ ಅಂಗಡಿಯಲ್ಲೂ ಸಿಗುತ್ತದೆ. ಅಲ್ಲಿ ಕಾಂಪೌಂಡರು ಇರುವುದಿಲ್ಲ.

ಸಂಜೆ ಡ್ಯೂಟಿ ಮುಗಿಸಿ ಸುಧಾಕರನ ಮೆಡಿಕಲ್ ಸ್ಟೋರಿಗೆ ಹೋದ.

“ಮೂರು ಬಾಟ್ಲು ಕ್ಯಾಲ್ಸಿಯಂ ಟಾನಿಕ್ ಕೊಡಿ ಸಾ.”

“ಯಾರಿಗೆ?” ಎಂದ ಸುಧಾಕರ್.

ಕೋಳಿಗೆ ಎಂಬ ಮಾತು ಶಿವಮಲ್ಲುವಿನ ತುಟಿಯವರೆಗೆ ಬಂತು. ಪಕ್ಕಕ್ಕೆ ತಿರುಗಿದರೆ ಚಾಮರಾಜನಗರ ಬಸ್ಸಿನ ಕಂಡಕ್ಟರ್ ಚಂದ್ರಕುಮಾರ್ ಮಂಡಿನೋವಿನ ಮುಲಾಮು ಕೊಳ್ಳುತ್ತ ನಿಂತಿದ್ದಾನೆ! ‘ನನ್ನ ಕೋಳಿ ಮೊಟ್ಟೆ ತಗಂಡು ಕಲ್ಲಿಗೆ ಹೊಡ್ದ್ರೆ ಕಲ್ಲು ಬಿರೀಬೇಕು ಕಣ್ಲಾ’ ಎಂದು ಮೊನ್ನೆಯಷ್ಟೇ ಅವನಿಗೆ ಹೇಳಿಯಾಗಿತ್ತು.

“ಮನೇಲಿ,” ಎಂದ ಶಿವಮಲ್ಲು.

ಇದು ಸುಳ್ಳಲ್ಲ. ಕೋಳಿಗಳು ಮನೆಯಲ್ಲೇ ಇದ್ದವು. ಆದರೆ ಗಂಡಸರು ‘ಮನೇಲಿ’ ಎಂದರೆ ಯಾರು ಎಂಬುದು ಗುಂಡ್ಲುಪೇಟೆಯಲ್ಲಿ ಎಲ್ಲರಿಗೂ ಗೊತ್ತು. ಸುಧಾಕರ್ ದನಿ ತಗ್ಗಿಸಿ, “ಎಷ್ಟು ತಿಂಗಳು?” ಎಂದ.

ಶಿವಮಲ್ಲು ಕೋಳಿಗಳ ವಯಸ್ಸು ಲೆಕ್ಕ ಹಾಕಿದ. “ಎಂಟು.”

ಸುಧಾಕರ್ ಅವನ ನರೆತ ಮೀಸೆಯನ್ನು ಒಮ್ಮೆ ನೋಡಿದ. “ಎಂಟಾ! ಡಾಕ್ಟ್ರು ಏನಂದ್ರು?”

“ಡಾಕ್ಟ್ರು ಗೀಕ್ಟ್ರು ಯಾಕ ಸಾ? ನಾನೇ ನೋಡ್ಕತಾ ಇವ್ನಿ. ಎಲ್ಲಾ ಮೊಬೈಲಲ್ಲೇ ಅದ.”

“ಊಟಕ್ಕೆ ಏನು ಕೊಡ್ತಿದೀರಿ?”

“ಬೆಳಿಗ್ಗೆ ನುಚ್ಚಕ್ಕಿ, ಸಂಜೆಗೆ ಬನ್ನು. ಬೇಕರೀಲಿ ಮಿಕ್ಕಿರ್ತದಲ್ಲ, ಅದು.”

“ಸ್ವಲ್ಪ ಬಿಸಿಲಲ್ಲಿ ಓಡಾಟ...?”

“ಆಚೆ ಬುಡದೇ ಇಲ್ಲ ಸಾ. ನಾಯಿ ಕಾಟ. ಒರಗಡೆಯಿಂದ ಚಿಲಕ ಹಾಕ್ಬುಡ್ತೀನಿ.”

ಚಂದ್ರಕುಮಾರನ ಕೈಯಲ್ಲಿದ್ದ ಮುಲಾಮು ಕೆಳಗೆ ಬಿತ್ತು. ಸುಧಾಕರ್ ಮೂರು ಬಾಟಲಿ ಎತ್ತಿಟ್ಟು, ದಿನಕ್ಕೆರಡು ಸಲ ಎರಡೆರಡು ಚಮಚ ಎಂದು ತಡವರಿಸಿದ. “ಚಮಚ ಎಲ್ಲ ಆಗದಿಲ್ಲ, ನೀರಿನ ಬೋಗುಣಿಗೆ ಉಯ್ದ್ಬುಡ್ತೀನಿ” ಎಂದು ಹೇಳಿ, ಗುಟ್ಟು ಉಳಿಸಿಕೊಂಡ ತೃಪ್ತಿಯಲ್ಲಿ ಶಿವಮಲ್ಲು ಹೊರಟುಹೋದ.

ಸುದ್ದಿಗೆ ಸೀಟು ಬೇಕಿಲ್ಲ, ಟಿಕೆಟ್ಟೂ ಬೇಕಿಲ್ಲ. ಮಲ್ಲಮ್ಮ ನಲವತ್ತೇಳನೇ ವಯಸ್ಸಿಗೆ ಬಸುರಿಯೆಂಬ ಸುದ್ದಿ ಮಂಗಳವಾರದ ಮೊದಲ ಬಸ್ಸಿಗೇ ಗುಂಡ್ಲುಪೇಟೆ ಬಿಟ್ಟಿತು. ಚಾಮರಾಜನಗರ ಸೇರುವ ಹೊತ್ತಿಗೆ ಮಕ್ಕಳು ಅವಳಿಯಾಗಿದ್ದವು. ಅಲ್ಲಿಂದ ಒಂದು ಬಸ್ಸಿನಲ್ಲಿ ಪುಣಜನೂರಿಗೆ ಹೋದದ್ದು, ಮಲ್ಲಮ್ಮನ ಕಾಲಿಗೆ ಸರಪಳಿ ಹಾಕಿದ್ದಾರೆ ಎಂಬಲ್ಲಿಗೆ ಬಂದು ನಿಂತಿತು. ಇನ್ನೊಂದು ಬಸ್ಸಿನಲ್ಲಿ ಹೋದದ್ದು ಚಂದಕವಾಡಿಯಲ್ಲಿ ಇಳಿಯಿತು. ಶಿವಮಲ್ಲುವಿನ ಒಬ್ಬಳೇ ಮಗಳು ಶಿವರಂಜಿನಿಯನ್ನು ಎರಡು ವರ್ಷದ ಹಿಂದೆ ಕೊಟ್ಟಿದ್ದು ಚಂದಕವಾಡಿಗೇ.

ಇದೊಂದೂ ತಿಳಿಯದ ಶಿವಮಲ್ಲು ಮಾಮೂಲಿನಂತೆ ಟೀ ಕುಡಿಯುತ್ತಿದ್ದಾಗ, ಟ್ರಿಪ್ ಮುಗಿಸಿ ಬಂದ ಚಂದ್ರಕುಮಾರ್ ಎದುರಿಗೆ ನಿಂತ.

“ಸಾ, ತಪ್ಪು ತಿಳ್ಕಬ್ಯಾಡಿ. ಈ ವಯಸ್ನಲ್ಲಿ ಇದೆಲ್ಲ ಬೇಕಿತ್ತಾ ನಿಮ್ಗೆ?”

ಕೋಳಿ ಸಾಕುವುದಕ್ಕೆ ವಯಸ್ಸಿನ ಮಿತಿ ಇದೆಯೆಂದು ಶಿವಮಲ್ಲು ಎಲ್ಲೂ ಕೇಳಿರಲಿಲ್ಲ. “ವಯಸ್ಸಿಗೂ ಅದಕ್ಕೂ ಏನ್ಲಾ ಸಂಬಂಧ? ಈಗ ಇರೋದು ಹನ್ನೆರಡು. ರಿಟೈರಾದ್ ಮ್ಯಾಲೆ ಐವತ್ತು ಮಾಡ್ಬೇಕು ಅಂತ ಇವ್ನಿ.”

“ಐವತ್ತಾ!” ಚಂದ್ರಕುಮಾರ್ ಕಂಬ ಹಿಡಿದುಕೊಂಡ. “ಮಲ್ಲಮ್ಮೋರು ಒಪ್ಪವ್ರಾ?”

“ಅವಳ್ದೇನು ಕಷ್ಟ? ಬೆಳಿಗ್ಗೆ ಎದ್ದು ಬುಟ್ಟಿಗೆ ತುಂಬ್ಕಳದು ಅಷ್ಟೇ.”

ಸುತ್ತಲಿದ್ದ ಡ್ರೈವರುಗಳು ಟೀ ಲೋಟ ಕೆಳಗಿಟ್ಟು ಒಬ್ಬೊಬ್ಬರಾಗಿ ಎದ್ದುಹೋದರು. ಅವರಿಗೆ ಬಸ್ಸು ತೆಗೆಯುವ ಹೊತ್ತಾಯಿತೆಂದು ಶಿವಮಲ್ಲು ಭಾವಿಸಿದ.

ಅದೇ ಹೊತ್ತಿಗೆ ಹಂಗಳದಲ್ಲಿ ಆಶಾ ಕಾರ್ಯಕರ್ತೆ ರಮ್ಯ ತೂಕದ ಯಂತ್ರ ಕಂಕುಳಲ್ಲಿ ಇರುಕಿಕೊಂಡು ಮಲ್ಲಮ್ಮನ ಬಾಗಿಲಿಗೆ ಬಂದಿದ್ದಳು. ತನ್ನದೇ ಊರಿನಲ್ಲಿ ಒಬ್ಬ ಗರ್ಭಿಣಿ ಎಂಟು ತಿಂಗಳು ತನ್ನ ಪಟ್ಟಿಗೆ ಸೇರದೆ ತಪ್ಪಿಸಿಕೊಂಡಿದ್ದಾಳೆ ಎಂಬುದು ಅವಳಿಗೆ ಮಾನದ ಪ್ರಶ್ನೆಯಾಗಿತ್ತು.

“ಯಾಕ್ ಮಲ್ಲಮ್ಮಕ್ಕ, ನನ್ ತಾವ ಒಂದ್ ಮಾತು ಏಳ್ಬಾರ್ದಿತ್ತಾ?”

“ಏನಮ್ಮಿ ಏಳದು?”

“ಎಂಟು ತಿಂಗ್ಳು ಅಂತ.”

“ಯಾರ್ಗಮ್ಮಿ ಎಂಟು ತಿಂಗ್ಳು?”

“ನಿಮ್ಗೇ.”

ಮಲ್ಲಮ್ಮ ಕೈಯಲ್ಲಿದ್ದ ಪೊರಕೆ ಬಿಟ್ಟಳು. ಆಮೇಲೆ ಅದನ್ನು ಎತ್ತಿಕೊಂಡಳು. ರಮ್ಯ ಎರಡು ಹೆಜ್ಜೆ ಹಿಂದೆ ಸರಿದಳು. ಇಲ್ಲ, ಅಂಥದ್ದೇನೂ ಇಲ್ಲ ಎಂದು ಮಲ್ಲಮ್ಮ ಆಣೆಯಿಟ್ಟು ಹೇಳಿದರೂ ಪ್ರಯೋಜನವಾಗಲಿಲ್ಲ. ಅಷ್ಟರಲ್ಲಿ ಸೇರಿದ್ದ ನಾಲ್ಕು ಮನೆಯ ಹೆಂಗಸರು, “ಯುಗಾದಿಯಿಂದ ನೋಡ್ತಾನೇ ಇವ್ನಿ, ಮೈ ಕೈ ತುಂಬ್ಕಂಡವ್ಳೆ, ಅದಕೇಯ ಅಂತ ಈಗ ಗೊತ್ತಾಯ್ತು” ಎಂದರು. ಗಾಳಿಸುದ್ದಿಗಿಂತ ಅವಳಿಗೆ ಹೆಚ್ಚು ಉರಿದದ್ದು ಈ ಮಾತು. ಅವಳ ಮೈಕಟ್ಟನ್ನು ನೋಡಿದವರಲ್ಲಿ ಒಬ್ಬರಿಗಾದರೂ ಇದು ಸುಳ್ಳಿರಬಹುದೆಂಬ ಅನುಮಾನ ಬರಬಾರದೆ!

ಆದರೆ ಹನ್ನೊಂದು ಗಂಟೆಯ ಹೊತ್ತಿಗೆ ಒಬ್ಬಳು ಸಪೋಟ ಹಣ್ಣು ತಂದಿಟ್ಟಳು. ಇನ್ನೊಬ್ಬಳು ಉಪ್ಪೆಸರು, ಮುದ್ದೆ ತಂದಳು. ಮೂರನೆಯವಳು ನೀರು ಹಿಡಿದು ಕೊಟ್ಟಳು, ನಾಲ್ಕನೆಯವಳು ಅಂಗಳ ಗುಡಿಸಿದಳು. “ನೀನು ಏಳ್ಬ್ಯಾಡ, ಕೂತ್ಕ” ಎಂದು ಎಲ್ಲರೂ ಗದರಿದರು. ಮದುವೆಯಾಗಿ ಬಂದ ಇಪ್ಪತ್ತಾರು ವರ್ಷದಲ್ಲಿ ಆ ಮನೆಯಲ್ಲಿ ಮಲ್ಲಮ್ಮನಿಗೆ ಯಾರೂ ಹೇಳದೆ ಇದ್ದ ಮಾತು ಅದು. ಅವಳು ಮೂರು ಸಲ ಇಲ್ಲ ಎಂದಳು. ನಾಲ್ಕನೆಯ ಸಲಕ್ಕೆ ಜಗಲಿಯ ಮೇಲೆ ಕಾಲು ಚಾಚಿ, ಒಂದು ಸಪೋಟ ಸುಲಿದುಕೊಂಡಳು.

ಸಂಜೆ ಮನೆಗೆ ಬಂದ ಶಿವಮಲ್ಲು ನೋಡುತ್ತಾನೆ, ಒಲೆ ಹಚ್ಚಿಲ್ಲ, ಹೆಂಡತಿ ಜಗಲಿ ಬಿಟ್ಟು ಏಳುತ್ತಿಲ್ಲ.

“ಯಾಕಮ್ಮಿ, ಉಸಾರಿಲ್ವಾ?”

“ಊರ್ಗೆಲ್ಲ ಏನೇನ್ ಏಳ್ಕಂಡ್ ಬಂದಿದೀರಿ ನೀವು?”

ಶಿವಮಲ್ಲು ಹಿತ್ತಲ ಕಡೆ ನೋಡಿದ. ಮೆತ್ತನೆ ಮೊಟ್ಟೆಯ ಗುಟ್ಟು ಬಯಲಾಯಿತೇ? “ಯಾರ್ಗೂ ಏನೂ ಏಳಿಲ್ಲ ಕಣ. ನಾಕ್ ದಿನ ತಡ್ಕ, ಎಲ್ಲ ಗಟ್ಟಿ ಆಯ್ತದ.”

ಮಲ್ಲಮ್ಮ ಸಪೋಟ ಬೀಜವನ್ನು ಅವನ ಕಡೆಗೆ ಉಗಿದು ಮುಖ ತಿರುಗಿಸಿದಳು. ಆ ರಾತ್ರಿ ಅವನೇ ಅನ್ನಕ್ಕಿಟ್ಟ. ಅನ್ನ ಗಂಜಿಯಾಯಿತು. ಅದನ್ನೂ ಅವಳು ಜಗಲಿಯ ಮೇಲೆ ಕೂತೇ ಉಂಡಳು.

ಬುಧವಾರ ಬೆಳಿಗ್ಗೆ ಹತ್ತೂವರೆಗೆ ಚಾಮರಾಜನಗರದ ಬಸ್ಸು ಬಂದು ನಿಂತಿತು. ಮೊದಲು ಒಂದು ಕೊಡೆ ಇಳಿಯಿತು. ಅದರ ಹಿಂದೆ ಮಗಳ ಅತ್ತೆ ಸಣ್ಣತಾಯಮ್ಮ ಇಳಿದರು. ಈ ಬೀಗಿತ್ತಿಯ ದನಿ ಒಂದು ಹೊಲದಾಚೆಗೂ ಕೇಳುವಂಥದ್ದು. ಅವರ ಹಿಂದೆ ಶಿವರಂಜಿನಿ ಕಣ್ಣು ಕೆಂಪಗೆ ಮಾಡಿಕೊಂಡು ಇಳಿದಳು. ಇಬ್ಬರೂ ನೆಟ್ಟಗೆ ಕಂಟ್ರೋಲರ್ ಕೋಣೆಗೆ ನುಗ್ಗಿದರು. ಕಿಟಕಿಯ ಹೊರಗೆ ಚಂದ್ರಕುಮಾರನೂ ಹತ್ತು ಹದಿನೈದು ಜನ ಪ್ರಯಾಣಿಕರೂ ಸೇರಿದರು.

“ಏನ್ ಬೀಗ್ರೇ,” ಎಂದರು ಸಣ್ಣತಾಯಮ್ಮ, “ಮೊಮ್ಮಕ್ಕಳ ಎತ್ತಾಡ್ಸೋ ವಯಸ್ಸಲ್ಲಿ ನೀವು ಮಾಡಿರೋ ಕೆಲ್ಸ ಎಂಥದು? ಅದೂ ಸಾಯ್ಲಿ, ಆ ತಾಯಿಗೆ ನುಚ್ಚಕ್ಕಿ ಹಾಕಿ ಚಿಲಕ ಹಾಕ್ತೀರಂತಲ್ಲ, ನೀವು ಮನುಷ್ರಾ?”

“ನಾಚ್ಕೆ ಆಗಲ್ವಾ ಅಪ್ಪ ನಿಂಗೆ?” ಎಂದು ಶಿವರಂಜಿನಿ ಅತ್ತೇಬಿಟ್ಟಳು. “ಇಷ್ಟು ದಿನ ಬುಟ್ಟು ಈಗ್ಲೇ ಆಗ್ಬೇಕಿತ್ತಾ ನಿಮಗೆ?”

“ಯಾವ್ ತಾಯಿಗಮ್ಮಿ?”

“ಅವ್ವನಿಗೆ! ಎಂಟು ತಿಂಗ್ಳು ಅಂತ ನೀನೇ ಏಳಿದೀಯಂತೆ ಮೆಡಿಕಲ್ ಸ್ಟೋರಲ್ಲಿ!”

ಶಿವಮಲ್ಲುವಿನ ತಲೆಯೊಳಗೆ ಮೆಡಿಕಲ್ ಸ್ಟೋರು, ನುಚ್ಚಕ್ಕಿ, ಚಿಲಕ, ಐವತ್ತು, ಬುಟ್ಟಿ ಎಲ್ಲವೂ ಒಂದಾದ ಮೇಲೊಂದು ಬಂದು ಸಾಲಾಗಿ ನಿಂತವು. ಅವನು ಕಿಟಕಿಯಾಚೆ ನೋಡಿದ. ಇಡೀ ಬಸ್ ನಿಲ್ದಾಣ ಅವನನ್ನೇ ನೋಡುತ್ತಿತ್ತು. ಪಶು ಆಸ್ಪತ್ರೆಯ ಕಾಂಪೌಂಡರೂ ಕೈಚೀಲ ಹಿಡಿದು ಆ ಗುಂಪಿನಲ್ಲೇ ನಿಂತಿದ್ದರು.

ಅವನ ಜೀವಮಾನದಲ್ಲಿ ಇಷ್ಟು ಕಠಿಣವಾದ ಗಳಿಗೆ ಬಂದಿರಲಿಲ್ಲ. ಬಾಯಿ ಮುಚ್ಚಿಕೊಂಡರೆ ಹೆಂಡತಿಯ ಮಾನ ಹೋಗುತ್ತದೆ. ಬಾಯಿ ಬಿಟ್ಟರೆ ಕೋಳಿ ತಜ್ಞನ ಮಾನ ಹೋಗುತ್ತದೆ. ಈ ಎರಡನ್ನೂ ತೂಗಿ ನೋಡಲು ಅವನು ಅರ್ಧ ನಿಮಿಷ ತೆಗೆದುಕೊಂಡ ಎಂಬುದನ್ನು ಮಲ್ಲಮ್ಮನಿಗೆ ಇಂದಿನವರೆಗೂ ಯಾರೂ ತಿಳಿಸಿಲ್ಲ. ಅರ್ಧ ನಿಮಿಷವಾದ ಮೇಲೆ ಮೈಕಿನ ಗುಂಡಿ ಒತ್ತಿದ. ಇಪ್ಪತ್ತೆಂಟು ವರ್ಷದ ಅಭ್ಯಾಸ, ಮೈಕು ಕಂಡರೆ ಅವನಿಗೆ ಗ್ರಂಥದ ಭಾಷೆಯೇ ಬರುವುದು.

“ಪ್ರಯಾಣಿಕರ ಗಮನಕ್ಕೆ. ಹಂಗಳ ಗ್ರಾಮದ ಶಿವಮಲ್ಲು ಅವರ ಧರ್ಮಪತ್ನಿ ಮಲ್ಲಮ್ಮನವರು ಗರ್ಭಿಣಿಯಾಗಿರುವುದಿಲ್ಲ. ಎಂಟು ತಿಂಗಳು ಎಂಬುದು ಸದರಿಯವರ ಕೋಳಿಗಳ ವಯಸ್ಸಾಗಿರುತ್ತದೆ. ಕ್ಯಾಲ್ಸಿಯಂ ಖರೀದಿಸಿದ್ದು ಕೋಳಿಗಳಿಗೆ. ಚಿಲಕ ಹಾಕಿದ್ದು ಕೋಳಿಗಳಿಗೆ...” ಇಲ್ಲಿ ಅವನು ಕಾಂಪೌಂಡರ ಕಡೆ ಒಮ್ಮೆ ನೋಡಿದ. “ಸದರಿ ಕೋಳಿಗಳು ಮೆತ್ತನೆಯ ಮೊಟ್ಟೆ ಇಡುತ್ತಿವೆ. ಕಾರಣ ಶಿವಮಲ್ಲು ಅವರಿಗೆ ತಿಳಿದಿರುವುದಿಲ್ಲ. ಉಂಟಾದ ಅಡಚಣೆಗಾಗಿ ವಿಷಾದಿಸುತ್ತೇವೆ.”

ಆಮೇಲೆ ಎದ್ದ ನಗೆಗೆ ಬೇಕರಿಯ ಮಾಡಿನ ಮೇಲಿದ್ದ ಪಾರಿವಾಳಗಳೆಲ್ಲ ಹಾರಿಹೋದವು. ಚಂದ್ರಕುಮಾರ್ ಟಿಕೆಟ್ ಯಂತ್ರವನ್ನು ಹೊಟ್ಟೆಗೊತ್ತಿಕೊಂಡು ನೆಲಕ್ಕೆ ಕೂತ. ಕಾಂಪೌಂಡರು ಮಾತ್ರ ನಗಲಿಲ್ಲ. ಕಿಟಕಿಯ ಹತ್ತಿರ ಬಂದು, “ನಲವತ್ತು ನಿಮಿಷ ಬಿಡುವಿದ್ರೆ ನಮ್ಮ ಆಸ್ಪತ್ರೆ ಕಡೆ ಬನ್ನಿ” ಎಂದು ಹೇಳಿ, ಈ ಸಲ ಬಸ್ಸು ತಪ್ಪಿಸಿಕೊಳ್ಳದೆ ಹತ್ತಿಕೊಂಡು ಹೋದರು.

ಆದರೆ ಅಲ್ಲಿಗೆ ಹೋಗುವ ಪ್ರಸಂಗ ಬರಲಿಲ್ಲ. ಅರ್ಧ ದಿನ ರಜೆ ಹಾಕಿ ಬೀಗಿತ್ತಿ, ಮಗಳ ಜೊತೆ ಶಿವಮಲ್ಲು ಹಂಗಳಕ್ಕೆ ಹೋದಾಗ, ಸಣ್ಣತಾಯಮ್ಮ ಮನೆಯೊಳಗೂ ಕಾಲಿಡದೆ ನೆಟ್ಟಗೆ ಹಿತ್ತಲಿಗೆ ನಡೆದರು. ಚಂದಕವಾಡಿಯಲ್ಲಿ ಮೂವತ್ತು ವರ್ಷದಿಂದ ಕೋಳಿ ಸಾಕಿದ ಕೈ ಅದು. ಶೆಡ್ಡಿನ ಚಿಲಕ ತೆಗೆದರು, ಒಳಗಿನ ಧಗೆಗೆ ಮುಖ ಹಿಂದೆ ತೆಗೆದರು, ಬೋಗುಣಿಯಲ್ಲಿದ್ದ ಟಾನಿಕ್ ನೀರನ್ನು ಮೂಸಿದರು.

“ಇದೇನ್ ಬೀಗ್ರೇ, ಸ್ಟ್ರಾಬೆರಿ ವಾಸ್ನೆ?”

“ಮನುಷ್ರು ಕುಡಿಯದು ಅಂತ...”

“ನಿಮ್ ಕೋಳಿ ಪುಣ್ಯವಂತವು ಬುಡಿ. ಬರೀ ನುಚ್ಚು, ಬನ್ನು ತಿಂದ್ರೆ ಚಿಪ್ಪು ಎಲ್ಲಿಂದ ಬಂದದು? ಮಣ್ಣು ಕೆದುಕಕ್ಕೆ ಸಿಮೆಂಟು, ಬಿಸ್ಲಿಗೆ ತಗಡು. ಇವ್ಕೆ ಕಾಲಿಗೆ ಬಲ ಇರದೇ ಎಚ್ಚು. ಬಿಸ್ಲಿಗೆ ಬುಡಿ. ಮೊಟ್ಟೆ ಕೋಳಿ ಫೀಡು ಅಂತಲೇ ಸಿಕ್ತದ, ಅದ ಹಾಕಿ. ಕಪ್ಪೆಚಿಪ್ಪಿನ ಚೂರು ತಂದು ಒಂದ್ ಬಾಣ್ಲೀಲಿ ಬ್ಯಾರೆ ಇಡಿ. ಎಷ್ಟ್ ಬೇಕೋ ಅವೇ ತಿಂದ್ಕತ್ತವ. ನಿಮ್ಮಂಗೆ ಅವು ಮೊಬೈಲ್ ನೋಡದಿಲ್ಲ.”

ಶಿವಮಲ್ಲು ತಲೆ ತಗ್ಗಿಸಿ ಎಲ್ಲವನ್ನೂ ಒಂದು ಹಳೆ ಟ್ರಿಪ್ ಶೀಟಿನ ಹಿಂದೆ ಬರೆದುಕೊಂಡ. ಹನ್ನೆರಡು ಕೋಳಿಗಳು ಬಾಗಿಲಲ್ಲಿ ನಿಂತು ಬಿಸಿಲನ್ನು ಅಪರಿಚಿತರನ್ನು ನೋಡುವ ಹಾಗೆ ನೋಡಿದವು. ಆಮೇಲೆ ಒಂದು ಹೆಜ್ಜೆ ಇಟ್ಟು, ನಿಂತು, ರೆಕ್ಕೆ ಬಿಚ್ಚಿ ಮಣ್ಣಿನಲ್ಲಿ ಹೊರಳತೊಡಗಿದವು.

ಮುಂದಿನ ಜಗಲಿಯಲ್ಲಿ ಮಲ್ಲಮ್ಮ ಇನ್ನೂ ಕಾಲು ಚಾಚಿಯೇ ಕೂತಿದ್ದಳು. ಮೈಕಿನ ಕಥೆ ಕೇಳಿ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು. ಆದರೆ ಶಿವರಂಜಿನಿ ನಗಲಿಲ್ಲ. ಅವ್ವನ ಪಕ್ಕ ಕೂತು ಸೆರಗಿನ ಚುಂಗು ತಿರುವುತ್ತಿದ್ದಳು.

“ಸುಳ್ಳು ಅಂತ ಗೊತ್ತಾಯ್ತಲ್ಲಮ್ಮಿ, ಇನ್ನೂ ಯಾಕ ಮುಖ ಊದಿಸ್ಕಂಡಿದೀಯೆ?” ಎಂದಳು ಮಲ್ಲಮ್ಮ.

“ನಾನೇ ಈ ವಾರ ಬಂದು ಏಳನ ಅಂತ ಇದ್ದೆ ಕಣವ್ವ. ನಮ್ಮನೆಯವ್ರಿಗೆ ಒಬ್ರಿಗೇ ಏಳಿದ್ದೆ. ಅಷ್ಟ್ರಲ್ಲಿ ನಿಂದೇ ಸುದ್ದಿ ಊರೂರೆಲ್ಲ. ಇನ್ ನಂದ ಯಾರ್ ಕೇಳಾರು ಅಂತ ಅಳು ಬಂತು.”

“ನಿಂದು ಏನಮ್ಮಿ?” ಎಂದರು ಸಣ್ಣತಾಯಮ್ಮ.

“ಮೂರು ತಿಂಗ್ಳು,” ಎಂದಳು ಶಿವರಂಜಿನಿ.

ಆಗ ಸಣ್ಣತಾಯಮ್ಮನ ಬಾಯಿಂದ ಹೊರಟ ಕೂಗಿಗೆ ಹಂಗಳದ ಅರ್ಧ ಬೀದಿ ಹೊರಗೆ ಬಂತು. ರಮ್ಯಳೂ ಓಡಿಬಂದಳು, ತೂಕದ ಯಂತ್ರದ ಸಮೇತ. ಮಲ್ಲಮ್ಮ ಏಳುತ್ತಾಳೆಂದು ಎಲ್ಲರೂ ಎಣಿಸಿದರು. ಅವಳು ಏಳಲಿಲ್ಲ. ಮಗಳನ್ನು ಒಂದು ಕೈಯಲ್ಲಿ, ಬೀಗಿತ್ತಿಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಜಗಲಿಯಲ್ಲಿ ಕೂರಿಸಿಕೊಂಡು, “ರೀ, ನಾಕ್ ಜನಕ್ಕ ಅನ್ನಕ್ಕಿಡಿ. ಇವತ್ತು ನೀರು ಕಮ್ಮಿ ಉಯ್ಯಿ” ಎಂದಳು.

ಮಗಳು ಹತ್ತು ದಿನ ತವರಿನಲ್ಲಿ ಉಳಿದಳು. ಆ ಹತ್ತು ದಿನದಲ್ಲಿ ಕಪ್ಪೆಚಿಪ್ಪಿನ ಬಾಣಲೆ ಎರಡು ಸಲ ಬರಿದಾಯಿತು. ಆರನೆಯ ದಿನ ಸಿಕ್ಕಿದ ಮೊಟ್ಟೆಯನ್ನು ಒಡೆಯಲು ಮಲ್ಲಮ್ಮ ಪಾತ್ರೆಯ ಅಂಚಿಗೆ ಎರಡು ಸಲ ಕುಟ್ಟಬೇಕಾಯಿತು. ಆ ಸದ್ದಿಗೆ ಶಿವಮಲ್ಲು ಹಲ್ಲುಜ್ಜುವುದು ಬಿಟ್ಟು ಒಳಗೆ ಓಡಿಬಂದ. ಅಂದು ನಿಲ್ದಾಣದಲ್ಲಿ ಟೀ ಕುಡಿಯುವಾಗ ಅವನಿಗೆ ಬಾಯಿ ತುರಿಸಿತು ನಿಜ. ಆದರೆ ಎದುರಿಗಿದ್ದ ಡ್ರೈವರು, “ಸಾ, ಚಿಪ್ಪಿಗೆ ಏನ್ ಹಾಕಿದ್ರಿ?” ಎಂದು ಕೇಳಿದಾಗ, “ನಮ್ ಬೀಗಿತ್ತೀರ್ ನಂಬರ್ ಕೊಡ್ತೀನಿ, ಬರ್ಕಳಿ” ಎಂದ.

ಹನ್ನೊಂದನೆಯ ದಿನ ಸಣ್ಣತಾಯಮ್ಮ ಸೊಸೆಯನ್ನು ಕರೆದೊಯ್ಯಲು ಬಂದರು. ಹೊಟ್ಟಿನಲ್ಲಿ ಹೂತಿಟ್ಟ ಎರಡು ಡಜನ್ ಮೊಟ್ಟೆಯ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿ ಪಕ್ಕ ಕೂತರು. ಶಿವರಂಜಿನಿ ಅವರ ಪಕ್ಕ ಕೂತಳು. ಬಸ್ಸು ಹೊರಡುವಾಗ ಶಿವಮಲ್ಲು ಕೋಣೆಯಿಂದ ಓಡಿಬಂದು ಬಾಗಿಲಲ್ಲಿ ನಿಂತಿದ್ದ ಚಂದ್ರಕುಮಾರನ ತೋಳು ಹಿಡಿದ.

“ಡ್ರೈವರಿಗೆ ಏಳ್ಲಾ. ಹಂಪ್ ಬಂದ್ರೆ ಮೆಲ್ಲಗೆ. ಗುಂಡಿ ಬಂದ್ರೆ ಇನ್ನೂ ಮೆಲ್ಲಗೆ. ಬ್ರೇಕ್ ಜೋರಾಗಿ ಒತ್ತಕೂಡದು.”

“ಗೊತ್ತಾಯ್ತು ಸಾ,” ಎಂದು ಚಂದ್ರಕುಮಾರ್ ಕಣ್ಣು ಮಿಟುಕಿಸಿದ. “ಮೊಟ್ಟೆ ಇನ್ನೂ ಮೆತ್ತಗೇ ಅವಾ?”

“ಮೊಟ್ಟೆ ಕಲ್ಲಿನಂಗವ ಕಣ್ಲಾ! ನಾ ಏಳಿದ್ದು ನನ್ ಮಗಳ ವಿಷ್ಯ. ಮೂರು ತಿಂಗ್ಳು.”

ಇದನ್ನು ಅವನು ಮೈಕಿಲ್ಲದೆಯೇ ಹೇಳಿದ್ದು. ಆದರೂ ಬಸ್ಸಿನ ಕೊನೆಯ ಸೀಟಿನವರೆಗೂ ಕೇಳಿಸಿತು. ಶಿವರಂಜಿನಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಸಣ್ಣತಾಯಮ್ಮ ಬುಟ್ಟಿಯನ್ನು ತೊಡೆಯಿಂದ ಕೆಳಗಿಳಿಸಿ, ಆ ಕೈಯನ್ನು ಸೊಸೆಯ ಹೆಗಲ ಸುತ್ತ ಹಾಕಿದರು. ಮುಂದಿನ ಸೀಟಿನ ಅಜ್ಜಿ ಎದ್ದು ಡ್ರೈವರಿನ ಬೆನ್ನಿಗೆ ಬೆರಳು ತಿವಿದು, “ಕೇಳ್ತಾ ಮಗಾ?” ಎಂದಳು.

ಆ ದಿನ ಗುಂಡ್ಲುಪೇಟೆಯಿಂದ ಹೊರಟ ಬಸ್ಸು ಚಾಮರಾಜನಗರವನ್ನು ನಲವತ್ತೈದು ನಿಮಿಷ ತಡವಾಗಿ ತಲುಪಿತು. ಪ್ರಯಾಣಿಕರಲ್ಲಿ ಒಬ್ಬರೂ ದೂರು ಕೊಡಲಿಲ್ಲ.